ಕಾವಲು ಆಮೇಲೆ, ಮೊದಲು ಮರಿ: ಮನೆಗೆ ಬಂದ ನಾಯಿಮರಿಯನ್ನು ಸಾಕುವ ಬಗೆ, ಹಂತ ಹಂತವಾಗಿ

ದೀಪಾವಳಿ ಕಳೆದು ಕಡ್ಲೇಕಾಯಿ ಕಿತ್ತು ಮುಗಿಯುವ ಹೊತ್ತಿಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಊರುಗಳಲ್ಲಿ ಮೋರಿಯ ಕೆಳಗೆ, ಬಣವೆ ಸಂದಿಯಲ್ಲಿ, ತಿಪ್ಪೆ ಮಗ್ಗುಲಲ್ಲಿ ಕುಂಯ್ ಕುಂಯ್ ಸದ್ದು ಶುರುವಾಗುತ್ತದೆ. ಬೀದಿನಾಯಿಗಳು ಹೆಚ್ಚಾಗಿ ಮರಿ ಹಾಕುವುದೇ ಅಕ್ಟೋಬರ್‌ನಿಂದ ಜನವರಿಯ ನಡುವೆ. ಸಂಕ್ರಾಂತಿಯೊಳಗೆ ಅವುಗಳಲ್ಲೊಂದು ಯಾರೋ ಹುಡುಗನ ಅಂಗಿಯೊಳಗೆ ಕೂತು ಮನೆಗೆ ಬಂದಿರುತ್ತದೆ. ದುಡ್ಡು ಕೊಟ್ಟು ಲ್ಯಾಬ್ರಡಾರ್ ತರುವವರೂ ಈಗ ಇದ್ದಾರೆ, ಮುಧೋಳದ ಮರಿಗಾಗಿ ಬಾಗಲಕೋಟೆ ಕಡೆ ಹೋಗಿ ಬರುವವರೂ ಇದ್ದಾರೆ. ಆದರೆ ನಾಲ್ಕೂ ತಾಲ್ಲೂಕುಗಳಲ್ಲಿ ಹೆಚ್ಚಿನ ಮನೆಗಳಲ್ಲಿರುವುದು ನಾಡುನಾಯಿಯೇ. ಅದು ಈ ಬಿಸಿಲಿಗೆ, ಈ ನೆಲಕ್ಕೆ ಒಗ್ಗಿದ ಜೀವ. ಮೊದಲ ಸಲ ಸಾಕುವವರಿಗೆ ನಾನು ಹೇಳುವುದೂ ಅದನ್ನೇ.

ನಮ್ಮ ಕಡೆ ಮರಿ ತರುವುದು ಬರೀ ಮುದ್ದಿಗಲ್ಲ. ಕುರಿ ರೊಪ್ಪ ಕಾಯಬೇಕು, ತೋಟದ ಮನೆ ನೋಡಿಕೊಳ್ಳಬೇಕು, ಬೋರ್‌ವೆಲ್ ಕೇಬಲ್ ಕದಿಯಲು ಬಂದವರಿಗೆ ಬೊಗಳಬೇಕು. ಈ ಆಸೆ ತಪ್ಪಲ್ಲ. ಆದರೆ ಎರಡನೇ ವಾರಕ್ಕೇ ಸರಪಳಿ ಹಾಕಿ, ಹಸಿಮೆಣಸಿನಕಾಯಿ ತಿನ್ನಿಸಿದರೆ ಸಿಟ್ಟು ಬರುತ್ತದೆಂದು ನಂಬಿ ಬೆಳೆಸಿದ ನಾಯಿ ಕಳ್ಳನನ್ನೂ ಕಚ್ಚುತ್ತದೆ, ಹಾಲು ಹಾಕಲು ಬಂದ ಹುಡುಗನನ್ನೂ ಕಚ್ಚುತ್ತದೆ, ಕೊನೆಗೆ ಮನೆಯ ಮಗುವನ್ನೂ ಬಿಡುವುದಿಲ್ಲ. ಮೆಣಸಿನಕಾಯಿಯಿಂದ ಬರುವುದು ಹೊಟ್ಟೆ ಉರಿ ಮಾತ್ರ. ಮೊದಲ ನಾಲ್ಕು ತಿಂಗಳು ಅದನ್ನು ಮರಿಯಾಗಿ ಇರಲು ಬಿಟ್ಟರೆ ಕಾವಲು ತಾನಾಗಿ ಬರುತ್ತದೆ.

ಹಂತ 1: ತರುವ ಮೊದಲು ಮನೆಮಂದಿಯ ಒಪ್ಪಿಗೆ

ಹುಡುಗರು ತರುತ್ತಾರೆ, ಸಗಣಿ ಬಾಚಿದ ಕೈಯಲ್ಲೇ ನಾಯಿಯ ಹೇಲನ್ನೂ ಬಾಚುವುದು ಅಮ್ಮ. ಆದ್ದರಿಂದ ಮೊದಲು ಅಮ್ಮನನ್ನು ಕೇಳಿ. ಬೆಳಿಗ್ಗೆ ಊಟ ಹಾಕುವವರು ಯಾರು, ಆಸ್ಪತ್ರೆಗೆ ಕರೆದೊಯ್ಯುವವರು ಯಾರು, ಎಲ್ಲರೂ ಜಾತ್ರೆಗೋ ಮದುವೆಗೋ ಹೊರಟರೆ ನೋಡಿಕೊಳ್ಳುವವರು ಯಾರು ಎಂಬುದು ಹೆಸರು ಹಿಡಿದು ತೀರ್ಮಾನವಾಗಲಿ. ದೇವರ ಕೋಣೆಗೆ, ಅಡುಗೆಮನೆಗೆ ನಾಯಿ ಬರಕೂಡದು ಎಂದು ಅಜ್ಜಿ ಹೇಳಿದರೆ ವಾದ ಮಾಡಬೇಡಿ. ಹೊಸಿಲಿಗೆ ಒಂದು ಅಡ್ಡಹಲಗೆ ಇಟ್ಟರೆ ಮರಿ ಒಂದೇ ವಾರದಲ್ಲಿ ಆ ಗಡಿ ಕಲಿಯುತ್ತದೆ. ಒಂದು ದಿನ ಒಳಗೆ ಬಿಟ್ಟು ಮರುದಿನ ಹೊಡೆದರೆ ಮಾತ್ರ ಅದು ಯಾವತ್ತೂ ಕಲಿಯುವುದಿಲ್ಲ.

ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಬೇಡಿ. 2017ರ ಕೇಂದ್ರ ಸರ್ಕಾರದ ನಿಯಮಗಳ ಪ್ರಕಾರ ಎಂಟು ವಾರಕ್ಕಿಂತ ಚಿಕ್ಕ ಮರಿಯನ್ನು ಮಾರುವಂತೆಯೇ ಇಲ್ಲ. ಮರಿಗಳು ಒಂದನ್ನೊಂದು ಕಚ್ಚಿ ಆಡುವಾಗ ಹೆಚ್ಚು ನೋಯಿಸಿದರೆ ಕಚ್ಚಿಸಿಕೊಂಡದ್ದು ಚೀರಿ ಆಟ ಬಿಟ್ಟು ಹೋಗುತ್ತದೆ. ಎಷ್ಟು ಕಚ್ಚಿದರೆ ನೋಯುತ್ತದೆ ಎಂಬ ಲೆಕ್ಕ ಅಲ್ಲಿಯೇ ಕಲಿಯುವುದು. ಕಣ್ಣು ಬಿಟ್ಟ ಕೂಡಲೇ ಎತ್ತಿಕೊಂಡು ಬಂದ ಮರಿಗೆ ಆ ಲೆಕ್ಕ ತಿಳಿದಿರುವುದಿಲ್ಲ.

ಇನ್ನೊಂದು ಮಾತು. ಗಂಡುಮರಿಗಳನ್ನು ಆರಿಸಿಕೊಂಡು ಹೆಣ್ಣುಮರಿಗಳನ್ನು ಚೀಲಕ್ಕೆ ಹಾಕಿ ಪಕ್ಕದೂರಿನ ಗೇಟಿನಲ್ಲಿ ಬಿಟ್ಟು ಬರುವ ಚಾಳಿ ನಮ್ಮಲ್ಲಿದೆ. ಸಾಕಿದ ಪ್ರಾಣಿಯನ್ನು ಹೀಗೆ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮೇಲಾಗಿ ಮನೆ ಬಾಗಿಲು ಬಿಟ್ಟು ಅಲೆಯಲು ಹೋಗದಿರುವುದರಲ್ಲಿ ಹೆಣ್ಣುನಾಯಿಯೇ ವಾಸಿ. ಬೆದೆಯ ತಾಪತ್ರಯಕ್ಕೆ ಆಪರೇಷನ್ ಇದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಹಂತ 2: ಮರಿಯ ಎತ್ತರಕ್ಕೆ ಬಗ್ಗಿ ಮನೆ ನೋಡಿ

ಪೇಟೆಯ ಪುಸ್ತಕಗಳು ಚಾಕೊಲೇಟ್, ಕರೆಂಟ್ ವೈರ್ ಎನ್ನುತ್ತವೆ. ಅವೂ ನಿಜವೇ. ಆದರೆ ನಮ್ಮ ಹಿತ್ತಲಿನ ಅಪಾಯಗಳು ಬೇರೆ.

ಮೊದಲನೆಯದು ಹರಳು ಹಿಂಡಿ. ತೆಂಗಿಗೆ, ಅಡಿಕೆಗೆ ಗೊಬ್ಬರವಾಗಿ ಹಾಕುವ ಈ ಹಿಂಡಿಯ ವಾಸನೆ ನಾಯಿಗೆ ಬಲು ಇಷ್ಟ. ಹರಳು ಬೀಜದ ರೈಸಿನ್ ಎಂಬ ವಿಷ ಎಣ್ಣೆಗೆ ಹೋಗುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತದೆ. ಸ್ವಲ್ಪವೇ ತಿಂದರೂ ರಕ್ತಭೇದಿಯಾಗಿ ಮರಿ ಸಾಯಬಹುದು. ಚೀಲವನ್ನು ಅಟ್ಟದ ಮೇಲಿಡಿ. ಗಿಡಕ್ಕೆ ಹಾಕಿದ ಮೇಲೆ ಮಣ್ಣು ಮುಚ್ಚಿ, ಅಷ್ಟು ದಿನ ಮರಿಯನ್ನು ಆ ಕಡೆ ಬಿಡಬೇಡಿ.

ಎರಡನೆಯದು ಬೂಷ್ಟು ಹಿಡಿದ ಕಡ್ಲೇಕಾಯಿ. ಕಿತ್ತ ಕಾಯಿ ಮಳೆಗೆ ಸಿಕ್ಕಿ ಮುಗ್ಗಿದರೆ ಅದರಲ್ಲಿ ಬೆಳೆಯುವ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಿಸುತ್ತದೆ. ಅದು ನಾಯಿಯ ಲಿವರ್ ಕೆಡಿಸುತ್ತದೆ. ಮಾರಲು ಆಗದ ಕಾಯನ್ನು, ಮುಗ್ಗಿದ ಹಿಂಡಿಯನ್ನು "ನಾಯಿಗಾದರೂ ಹಾಕೋಣ" ಎನ್ನಬೇಡಿ. ಆಮೇಲೆ ಇಲಿಪಾಷಾಣ, ಬೆಳೆಗೆ ಹೊಡೆಯುವ ಔಷಧಿಯ ಖಾಲಿ ಬಾಟಲಿ, ಯೂರಿಯಾ ಕಲಸಿದ ಬಕೆಟ್, ಮುಚ್ಚಳವಿಲ್ಲದ ನೀರಿನ ತೊಟ್ಟಿ. ಕಲ್ಲುಗುಡ್ಡೆ, ಸೌದೆ ರಾಶಿಯಲ್ಲಿ ಚೇಳು, ಹಾವು ಇರುತ್ತವೆ. ಮರಿ ಮೂಗು ತೂರಿಸುವುದು ಸರಿಯಾಗಿ ಅಲ್ಲಿಗೇ. ಡ್ರಿಪ್ ಪೈಪಿನ ಆಸೆ ಮಾತ್ರ ಬಿಟ್ಟುಬಿಡಿ, ಒಂದೆರಡಾದರೂ ಕಡಿದೇ ಕಡಿಯುತ್ತದೆ.

ಹಂತ 3: ಮೊದಲ ಹಗಲು, ಮೊದಲ ರಾತ್ರಿ

ಬೆಳಿಗ್ಗೆ ತನ್ನಿ, ಸಂಜೆ ಬೇಡ. ಕತ್ತಲಾಗುವುದರೊಳಗೆ ಅದಕ್ಕೆ ಜಾಗ ಪರಿಚಯವಾಗಿರಬೇಕು. ತಾಯಿ ಮಲಗಿದ್ದ ಗೋಣಿತಾಟಿನ ಒಂದು ತುಂಡನ್ನೂ ಜೊತೆಗೆ ತನ್ನಿ, ಆ ವಾಸನೆಯೇ ಅದಕ್ಕೆ ಅರ್ಧ ಧೈರ್ಯ. ಬಂದ ಕೂಡಲೇ ಮನೆಯೊಳಗೆ ಬಿಡದೆ ಉಚ್ಚೆ ಹೊಯ್ಯಬೇಕಾದ ಜಾಗಕ್ಕೆ ಮೊದಲು ಇಳಿಸಿ. ಕೊಳೆ ಇದೆ ಎಂದು ಅಂದೇ ತಲೆಗೆ ನೀರು ಹುಯ್ಯಬೇಡಿ. ಮಾರ್ಗಶಿರ, ಪುಷ್ಯದ ಚಳಿಯಲ್ಲಿ ಅದು ಶೀತಕ್ಕೆ ದಾರಿ. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಸಾಕು. ಬೀದಿಯ ಮಕ್ಕಳೆಲ್ಲ ನೋಡಲು ಬರುತ್ತಾರೆ. ನೋಡಲಿ, ಎತ್ತಿಕೊಳ್ಳುವುದು ನಾಳೆಗಿರಲಿ.

ರಾತ್ರಿ ಅದು ಅತ್ತೇ ಅಳುತ್ತದೆ. ಒಡಹುಟ್ಟಿದವರ ಮೈಬಿಸಿಯಲ್ಲಿ ಮಲಗಿದ್ದ ಮರಿಗೆ ಇದು ಒಂಟಿಯಾಗಿ ಕಳೆಯುವ ಮೊದಲ ರಾತ್ರಿ. "ಅತ್ತು ಅತ್ತು ಸುಮ್ಮನಾಗುತ್ತೆ ಬಿಡು" ಎಂದು ಕೊಟ್ಟಿಗೆಗೆ ತಳ್ಳುವುದು ಹಳೆಯ ಪದ್ಧತಿ, ನನಗದು ಒಪ್ಪಿಗೆಯಿಲ್ಲ. ರಟ್ಟಿನ ಡಬ್ಬಕ್ಕೆ ಹಳೆ ಕಂಬಳಿ ಹಾಸಿ ನೀವು ಮಲಗುವ ಪಡಸಾಲೆಯಲ್ಲೇ ಇಡಿ. ಅತ್ತಾಗ ಕೈ ಇಳಿಬಿಟ್ಟು ಮುಟ್ಟಿ. ಎತ್ತಿ ಆಡಿಸಬೇಡಿ, ಮಾತಾಡಿಸಬೇಡಿ. ಬಿಸಿನೀರು ತುಂಬಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟರೆ ಇನ್ನೂ ಒಳ್ಳೆಯದು. ಸಾಮಾನ್ಯವಾಗಿ ಒಂದು ವಾರದಲ್ಲಿ ಅಳು ನಿಲ್ಲುತ್ತದೆ.

ಹಂತ 4: ಹೆಸರು ಮತ್ತು ಕರೆ

ಎರಡು ಮೂರಕ್ಷರದ ಹೆಸರು ಸಾಕು. ರಾಜ, ಕರಿಯ, ಟೈಗರ್ ಏನಾದರೂ ಇಡಿ. ಹಳೆಯದೇ ಬೇಕೆಂದರೆ "ಕಾಳಿ" ಇದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೇ ಶತಮಾನದ ವೀರಗಲ್ಲೊಂದು ಸಿಕ್ಕಿತು. ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಏನು ಬೇಕು ಎಂದು ಗಂಗರ ಅರಸ ಬೂತುಗ ಕೇಳಿದಾಗ ಮಣಲೆರ ಎಂಬ ವೀರ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಹಂದಿಯೊಡನೆ ಕಾದಾಡಿ, ಹಂದಿಯನ್ನು ಕೊಂದು ತಾನೂ ಸತ್ತಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಿದರು.

ಹೆಸರಿಗಿಂತ ಮುಖ್ಯ ಕರೆ. ಸುತ್ತ ಬಹುತೇಕ ಆಂಧ್ರವೇ ಇರುವ ಪಾವಗಡದ ಎಷ್ಟೋ ಮನೆಗಳಲ್ಲಿ ಅಜ್ಜಿ ತೆಲುಗಿನಲ್ಲಿ "ರಾ" ಎಂದರೆ ಮೊಮ್ಮಗ ಕನ್ನಡದಲ್ಲಿ "ಬಾ" ಎನ್ನುತ್ತಾನೆ, ಇಂಗ್ಲಿಷ್ ಶಾಲೆಯ ಮೊಮ್ಮಗಳು "ಕಮ್" ಎನ್ನುತ್ತಾಳೆ. ಮರಿಗೆ ಯಾವ ಭಾಷೆಯಾದರೂ ಸರಿ, ಮನೆಮಂದಿಯೆಲ್ಲ ಒಂದನ್ನೇ ಬಳಸಬೇಕು. ಕರೆದಾಗ ಬಂದರೆ ಒಂದು ತುಣುಕು ತಿಂಡಿ ಕೊಡಿ. ಹೊಡೆಯಲು, ಕಟ್ಟಲು ಮಾತ್ರ ಕರೆಯುವ ಮನೆಯಲ್ಲಿ ನಾಯಿ ಕರೆದಾಗ ಬರುವುದಿಲ್ಲ, ಓಡುತ್ತದೆ.

ಹಂತ 5: ಊಟ

ಎಲ್ಲಕ್ಕಿಂತ ಹೆಚ್ಚು ಎಡವುವುದು ಇಲ್ಲಿ. ಮರಿಗೆ ರಾಗಿ ಅಂಬಲಿ, ಮಜ್ಜಿಗೆ ಅನ್ನ ಹಾಕಿ ಬೆಳೆಸುತ್ತೇವೆ. ಕೈಕಾಲು ಸಣ್ಣದಾಗಿ ಹೊಟ್ಟೆ ಮಾತ್ರ ಗುಡಾಣದಂತೆ ಉಬ್ಬಿದರೆ "ಚೆನ್ನಾಗಿ ತಿಂದಿದೆ" ಎನ್ನುತ್ತೇವೆ. ಆ ಹೊಟ್ಟೆಯಲ್ಲಿರುವುದು ಜಂತುಹುಳ, ಜೊತೆಗೆ ಪ್ರೋಟೀನ್ ಕೊರತೆ. ಬೆಳೆಯುವ ಮರಿಯ ಆಹಾರದಲ್ಲಿ ನೀರಿನಂಶ ಬಿಟ್ಟು ಲೆಕ್ಕ ಹಾಕಿದರೆ ಶೇ. 22ರಷ್ಟಾದರೂ ಪ್ರೋಟೀನ್ ಇರಬೇಕು. ನಮ್ಮ ರಾಗಿಹಿಟ್ಟಿನಲ್ಲಿ ಇರುವುದು 100 ಗ್ರಾಂಗೆ ಸುಮಾರು 7 ಗ್ರಾಂ. ರಾಗಿ ಕೆಟ್ಟದ್ದೇನಲ್ಲ, ಅದೊಂದೇ ಸಾಲದು ಅಷ್ಟೆ.

ಮುದ್ದೆಯನ್ನೋ ಅನ್ನವನ್ನೋ ಮೆತ್ತಗೆ ಕಿವುಚಿ ಬೇಯಿಸಿದ ಮೊಟ್ಟೆ ಕಲಸಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಕೋಳಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಲಿವರ್, ಗಿಜರ್ಡ್, ಕತ್ತಿನ ಮಾಂಸವನ್ನು ಉಪ್ಪು ಖಾರ ಇಲ್ಲದೆ ಬೇಯಿಸಿ ಮೂಳೆ ತೆಗೆದು ಹಾಕಿ. ಲಿವರ್ ಮಾತ್ರ ವಾರಕ್ಕೆ ಒಂದೆರಡು ಸಲ ಸಾಕು. ಮಾಂಸ ತಿನ್ನದ ಮನೆಯಾದರೆ ಮೊಸರು, ಪನೀರು, ಚೆನ್ನಾಗಿ ಬೆಂದ ಬೇಳೆ ಕೊಡಬಹುದು. ಆದರೆ ಬೆಳೆಯುವ ಮರಿಗೆ ಅಷ್ಟರಲ್ಲೇ ಸರಿದೂಗಿಸುವುದು ಕಷ್ಟ, ಜೊತೆಗೆ ಮರಿಗಳಿಗೆಂದೇ ಬರುವ ಪ್ಯಾಕೆಟ್ ಆಹಾರವನ್ನು ಸ್ವಲ್ಪ ನೆನೆಸಿ ಹಾಕಿ. ಹಸುವಿನ ಹಾಲು ಎಷ್ಟೋ ಮರಿಗಳಿಗೆ ಭೇದಿ ಮಾಡಿಸುತ್ತದೆ, ಮೊಸರು ಹಾಗೆ ಮಾಡುವುದು ಕಡಿಮೆ.

ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು ಸಲ ಊಟ ಹಾಕಿ. ಹೊತ್ತಿಗೆ ಸರಿಯಾಗಿ ಹಾಕಿ, ಕಾಲುಗಂಟೆಯಲ್ಲಿ ತಿನ್ನದಿದ್ದರೆ ತಟ್ಟೆ ಎತ್ತಿಬಿಡಿ. ಕುಡಿಯುವ ನೀರು ಮಾತ್ರ ಸದಾ ಇರಲಿ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಪಾವಗಡ ಕಡೆ ನೀವು ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತಿದ್ದರೆ ಅದರಲ್ಲೇ ಒಂದು ಚೆಂಬು ಮರಿಗೂ ಕೊಡಿ.

ಹಾಕಲೇಬಾರದ್ದು: ಈರುಳ್ಳಿ, ಬೆಳ್ಳುಳ್ಳಿ ಇರುವ ಬಾಡಿನ ಸಾರು (ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ), ಒಣದ್ರಾಕ್ಷಿ ಹಾಕಿದ ಪಾಯಸ, ದ್ರಾಕ್ಷಿ, ಚಾಕೊಲೇಟ್, ಬೆಂದ ಮೂಳೆ. ಊರಹಬ್ಬದ ಮರುದಿನ ಎಲೆಯಲ್ಲಿ ಉಳಿದದ್ದನ್ನೆಲ್ಲ ಬಾಚಿ ನಾಯಿಗೆ ಹಾಕುತ್ತೇವಲ್ಲ, ಇವೆಲ್ಲ ಒಟ್ಟಿಗೆ ಹೋಗುವುದು ಆಗಲೇ.

ಹಂತ 6: ಉಚ್ಚೆ, ಕಕ್ಕ

ಎದ್ದ ಕೂಡಲೇ, ತಿಂದ ಕೂಡಲೇ, ಆಡಿದ ಕೂಡಲೇ ಒಂದೇ ಜಾಗಕ್ಕೆ ಕರೆದೊಯ್ಯಿರಿ. ಅಲ್ಲಿ ಮಾಡಿದಾಗ ಬೆನ್ನು ತಟ್ಟಿ. ಒಳಗೆ ಮಾಡಿದ್ದನ್ನು ನೋಡಿದರೆ ಬಾಯಿ ಮುಚ್ಚಿಕೊಂಡು ಒರೆಸಿ. ಮೂಗನ್ನು ಅದಕ್ಕೇ ಒತ್ತಿ ಉಜ್ಜುವುದರಿಂದ ಮರಿ ಕಲಿಯುವುದು ನಿಮ್ಮ ಕಣ್ಣು ತಪ್ಪಿಸಿ ಮಂಚದ ಕೆಳಗೆ ಮಾಡುವುದನ್ನು. ಫಿನಾಯಿಲ್ ಹಾಕಿದ ನೆಲ ಒಣಗುವವರೆಗೂ ಮರಿಯನ್ನು ದೂರವಿಡಿ, ಅದು ಪಾದ ನೆಕ್ಕುತ್ತದೆ.

ಹಂತ 7: ಪಶು ಆಸ್ಪತ್ರೆ

ತಂದ ಎರಡು ಮೂರು ದಿನದೊಳಗೆ ಒಮ್ಮೆ ತೋರಿಸಿ. ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ. ಬೆಳಿಗ್ಗೆ ಬೇಗ ಹೋಗಿ, ಆಮೇಲೆ ಡಾಕ್ಟ್ರು ಹಳ್ಳಿಗಳಿಗೆ ಹೊರಟುಬಿಡಬಹುದು. ಪಶು ಸಂಜೀವಿನಿ ಸಹಾಯವಾಣಿಯ ಸಂಖ್ಯೆ 1962, ಕರೆಗೆ ದುಡ್ಡಿಲ್ಲ. ಅದನ್ನು ಫೋನಿನಲ್ಲಿ ಈಗಲೇ ಉಳಿಸಿಕೊಳ್ಳಿ.

ಜಂತುಹುಳದ ಔಷಧಿ ಮೊದಲು. ಎರಡು ವಾರದ ವಯಸ್ಸಿನಿಂದ ಎರಡು ವಾರಕ್ಕೊಮ್ಮೆ, ಮೂರನೇ ತಿಂಗಳಿನಿಂದ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಕೊಡುವುದು ರೂಢಿ. ಪ್ರಮಾಣ ತೂಕದ ಮೇಲೆ ಹೋಗುತ್ತದೆ, ಆದ್ದರಿಂದ ಕುರಿಗೆ ತಂದ ಬಾಟಲಿಯಿಂದ ಅಂದಾಜಿಗೆ ಕುಡಿಸಬೇಡಿ. ನಾಯಿಯ ಹುಳ ಮಕ್ಕಳಿಗೂ ಹತ್ತುತ್ತದೆ, ಮಣ್ಣಿನಲ್ಲಿ ಆಡಿ ಬಂದವರು ಕೈ ತೊಳೆಯಲಿ.

ಲಸಿಕೆ ಎರಡು ಬಗೆಯದು. ಅಂಗಡಿಯಲ್ಲಿ "ಸೆವೆನ್ ಇನ್ ಒನ್", "ನೈನ್ ಇನ್ ಒನ್" ಎನ್ನುವುದು ಪಾರ್ವೊ, ಡಿಸ್ಟೆಂಪರ್ ಮುಂತಾದ ರೋಗಗಳಿಗೆ. ಆರರಿಂದ ಎಂಟನೇ ವಾರಕ್ಕೆ ಮೊದಲ ಸೂಜಿ, ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ ಹದಿನಾರನೇ ವಾರದವರೆಗೆ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮೊದಲ ಸೂಜಿಯನ್ನು ವ್ಯರ್ಥ ಮಾಡಬಹುದಾದ್ದರಿಂದಲೇ ಮತ್ತೆ ಮತ್ತೆ ಹಾಕಿಸುವುದು. "ಒಂದು ಹಾಕಿಸಿದ್ದೀವಲ್ಲ" ಎಂದು ಬಿಟ್ಟ ಮರಿ ಪಾರ್ವೊಗೆ ಹೋಗುವುದು ಹೀಗೆಯೇ. ಇದನ್ನು ಹೊರಗಿನಿಂದ ಕೊಂಡು ತರಬೇಕಾಗಿ ಬಂದರೆ ಐಸ್ ಹಾಕಿಸಿಕೊಂಡೇ ತನ್ನಿ. ಏಪ್ರಿಲ್ ಬಿಸಿಲಿನಲ್ಲಿ ಬೈಕಿನ ಡಿಕ್ಕಿಯಲ್ಲಿ ಬಂದ ಲಸಿಕೆಯನ್ನು ನಂಬಲಾಗದು.

ಪಾರ್ವೊ ಬಗ್ಗೆ ಇನ್ನೂ ಒಂದು ಎಚ್ಚರ. ವಾಂತಿ, ಗಬ್ಬು ನಾರುವ ರಕ್ತಭೇದಿ, ಊಟ ಬಿಟ್ಟು ಮುದುರಿಕೊಳ್ಳುವುದು ಇದರ ಲಕ್ಷಣ. ಎರಡು ಮೂರು ದಿನದಲ್ಲಿ ಮರಿ ಹೋಗಿಬಿಡುತ್ತದೆ. ಮನೆಮದ್ದು ಮಾಡುತ್ತಾ ಕೂರದೆ ಅಂದೇ ಡ್ರಿಪ್ ಹಾಕಿಸಿ. ಈ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ, ನೆರಳಿನ ಜಾಗದಲ್ಲಿ ವರ್ಷದವರೆಗೂ ಉಳಿಯಬಲ್ಲದು. ಹೋದ ವರ್ಷ ನಿಮ್ಮ ಅಂಗಳದಲ್ಲಿ ಹೀಗೆ ಮರಿ ಸತ್ತಿದ್ದರೆ ಲಸಿಕೆ ಪೂರ್ತಿಯಾಗದ ಹೊಸ ಮರಿಯನ್ನು ಅಲ್ಲಿಗೆ ತರಬೇಡಿ.

ಎರಡನೆಯದು ರೇಬೀಸ್ ಲಸಿಕೆ. ಮೂರು ತಿಂಗಳಿಗೆ ಒಂದು, ತಿಂಗಳ ನಂತರ ಇನ್ನೊಂದು, ಆಮೇಲೆ ವರ್ಷಕ್ಕೊಮ್ಮೆ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ಪಶುಪಾಲನಾ ಇಲಾಖೆ ಇದನ್ನು ಉಚಿತವಾಗಿ ಹಾಕುವುದುಂಟು.

ಹಂತ 8: ಹಲ್ಲು, ಮಕ್ಕಳು, ಗಾಯ

ನಾಲ್ಕನೇ ತಿಂಗಳಿನಿಂದ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತವೆ. ಆಗ ಚಪ್ಪಲಿ, ಲಂಗದ ಅಂಚು, ಕಾಲ್ಬೆರಳು ಎಲ್ಲವೂ ಕಚ್ಚುವ ವಸ್ತುಗಳೇ. ಹೊಡೆಯುವ ಬದಲು "ಆಯ್" ಎಂದು ನೊಂದ ಸದ್ದು ಮಾಡಿ ಎದ್ದುಹೋಗಿ, ಹಗ್ಗದ ಗಂಟನ್ನೋ ಗಟ್ಟಿ ಕ್ಯಾರೆಟ್ಟನ್ನೋ ಬಾಯಿಗೆ ಕೊಡಿ. ತಿನ್ನುವಾಗ, ಮಲಗಿದಾಗ ಮರಿಯನ್ನು ಮುಟ್ಟಬಾರದು ಎಂದು ಮಕ್ಕಳಿಗೆ ಹೇಳಿಕೊಡಿ. ಐದು ವರ್ಷದೊಳಗಿನ ಮಗುವನ್ನೂ ಮರಿಯನ್ನೂ ದೊಡ್ಡವರಿಲ್ಲದೆ ಬಿಡಬೇಡಿ.

ಹಲ್ಲು ಅಥವಾ ಉಗುರು ಚರ್ಮ ಕಿತ್ತರೆ, ಅದು ಮುದ್ದಿನ ಮರಿಯೇ ಆಗಿರಲಿ, ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಮೆಣಸಿನಪುಡಿ ಬೇಡ. ಆಮೇಲೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಹೋಗಿ ಡಾಕ್ಟ್ರಿಗೆ ತೋರಿಸಿ. ಬೀದಿಯಿಂದ ತಂದ ಪುಟ್ಟ ಮರಿಗೂ ರೇಬೀಸ್ ಇರಬಹುದು. ಚರ್ಮದೊಳಗೆ ಕೊಡುವ ಕ್ರಮದಲ್ಲಾದರೆ ಸೂಜಿ 0, 3, 7, 28ನೇ ದಿನಗಳಲ್ಲಿ. ಮೊದಲ ಎರಡು ಹಾಕಿಸಿ ಕಡ್ಲೇಕಾಯಿ ಕೆಲಸ ಇದೆ ಎಂದು ಬಿಡುವಂತಿಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ. ಮನುಷ್ಯರಲ್ಲಿ ರೇಬೀಸ್ ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕು ಎಂದು ಕರ್ನಾಟಕ 2022ರಲ್ಲೇ ಆದೇಶ ಮಾಡಿದೆ.

ಹಂತ 9: ಲೋಕ ತೋರಿಸುವುದು

ಮೂರನೇ ವಾರದಿಂದ ಹದಿನಾಲ್ಕನೇ ವಾರದವರೆಗೆ ಕಂಡದ್ದು, ಕೇಳಿದ್ದು ಮರಿಗೆ ಜೀವನಪೂರ್ತಿ ಸಹಜ ಎನಿಸುತ್ತದೆ. ಆಮೇಲೆ ಎದುರಾಗುವ ಹೊಸದಕ್ಕೆಲ್ಲ ಮೊದಲು ಹೆದರಿಕೆ, ಹಿಂದೆಯೇ ಕಚ್ಚು. ಲಸಿಕೆ ಮುಗಿಯುವುದು ಹದಿನಾರನೇ ವಾರಕ್ಕೆ, ಈ ಅವಧಿ ಮುಗಿಯುವುದು ಅದಕ್ಕೂ ಮೊದಲೇ. ದಾರಿ ಒಂದೇ: ಕೆಳಗೆ ಬಿಡದೆ ಎತ್ತಿಕೊಂಡು ತೋರಿಸಿ. ಟ್ರ್ಯಾಕ್ಟರ್, ಖಾಸಗಿ ಬಸ್ಸಿನ ಹಾರನ್, ಟವೆಲ್ ಸುತ್ತಿದವರು, ಬುರ್ಖಾ ತೊಟ್ಟವರು, ಹೆಲ್ಮೆಟ್ ಹಾಕಿದವರು, ಕೋಲು ಹಿಡಿದ ತಾತ, ಜಾತ್ರೆಯ ತಮಟೆ ಸದ್ದು (ದೂರದಿಂದ) ಎಲ್ಲವೂ ಅದರ ಪಾಠವೇ. ಒಂದೊಂದಕ್ಕೂ ಒಂದು ತುಣುಕು ತಿಂಡಿ.

ಶಿರಾ ಕಡೆಯ ಕುರಿ ಸಾಕುವ ಮನೆಗಳಲ್ಲಿ ಮರಿಯನ್ನು ಇದೇ ವಯಸ್ಸಿನಲ್ಲಿ ರೊಪ್ಪಕ್ಕೆ ಪರಿಚಯಿಸಬೇಕು. ಹಗ್ಗ ಹಿಡಿದು ಕುರಿಗಳ ಪಕ್ಕ ಸುಮ್ಮನೆ ಕೂರಿಸಿ. ಅಟ್ಟಿಸಿಕೊಂಡು ಹೋಗಲು ಒಮ್ಮೆಯೂ ಅವಕಾಶ ಕೊಡಬೇಡಿ, ನೋಡಲು ತಮಾಷೆಯಾಗಿದ್ದರೂ ನಗಬೇಡಿ. ಮರಿಯಾಗಿದ್ದಾಗ ಕೋಳಿ ಓಡಿಸಿದ್ದೇ ದೊಡ್ಡದಾದ ಮೇಲೆ ಕುರಿ ಕಚ್ಚುತ್ತದೆ.

ಸರಪಳಿಗೆ ನನ್ನ ವಿರೋಧವಿದೆ. ಕಟ್ಟಲೇಬೇಕಾದರೆ ನೆರಳಿನಲ್ಲಿ, ಹಗುರ ಹಗ್ಗದಲ್ಲಿ, ಸ್ವಲ್ಪ ಹೊತ್ತು ಮಾತ್ರ. ಕೊರಳಪಟ್ಟಿಯೊಳಗೆ ಎರಡು ಬೆರಳು ಆಡಬೇಕು. ಮರಿ ಬೆಳೆದಂತೆ ಪಟ್ಟಿ ಬಿಗಿದು ಕೊರಳಿಗೆ ಹುಣ್ಣಾಗುತ್ತದೆ, ವಾರಕ್ಕೊಮ್ಮೆ ಬೆರಳಿಟ್ಟು ನೋಡಿ.

ಹಂತ 10: ಉಣ್ಣೆ ಮತ್ತು ಬಿಸಿಲು

ಕಿವಿಯೊಳಗೆ, ಬೆರಳ ಸಂದಿಯಲ್ಲಿ ದಿನಾ ತಡಕಿ. ಉಣ್ಣೆ ಸಿಕ್ಕರೆ ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ, ಸೀಮೆಎಣ್ಣೆ ಸುರಿಯಬೇಡಿ. ದನಕ್ಕೆ, ಕುರಿಗೆ ಬಳಿಯುವ ಉಣ್ಣೆ ಔಷಧಿಯನ್ನು ಮರಿಗೆ ಬಳಿದರೆ ಅದು ನೆಕ್ಕಿ ನಡುಕ ಬಂದು ಸಾಯಬಹುದು. ಮರಿಗೆ ಜ್ವರ ಬಂದು ಮಂಕಾಗಿ ಒಸಡು ಬಿಳಚಿಕೊಂಡರೆ ಉಣ್ಣೆಜ್ವರವಿರಬಹುದು, ರಕ್ತ ಪರೀಕ್ಷೆ ಮಾಡಿಸಿ.

ಮಾರ್ಚ್ ಬಂದರೆ ತಗಡಿನ ಶೀಟಿನ ಕೆಳಗೆ ಮರಿಯನ್ನು ಬಿಡಬೇಡಿ. ಹೊಂಗೆ ಮರದ ನೆರಳು, ಒದ್ದೆ ಗೋಣಿ, ಮಣ್ಣಿನ ಬಾನಿಯಲ್ಲಿ ನೀರು ಸಾಕು. ಅಂಗೈ ಹಿಂಭಾಗವನ್ನು ರಸ್ತೆಗೆ ಒತ್ತಿ ಹಿಡಿಯಲಾಗದಷ್ಟು ಸುಡುತ್ತಿದ್ದರೆ ಅದರ ಪಾದವೂ ಸುಡುತ್ತದೆ.

ಹಂತ 11: ರಾತ್ರಿ, ಅಲೆದಾಟ, ಆಪರೇಷನ್

ಮಧುಗಿರಿ, ಕೊರಟಗೆರೆಯ ಬಂಡೆಗುಡ್ಡಗಳ ಅಂಚಿನ ಊರುಗಳಲ್ಲಿ ಚಿರತೆಗೆ ನಾಯಿ ಸುಲಭದ ಬೇಟೆ. ತೋಟದ ಮನೆಯ ಅಂಗಳದಲ್ಲಿ ಸರಪಳಿಗೆ ಕಟ್ಟಿದ ನಾಯಿಗೆ ಓಡಲೂ ದಾರಿಯಿರುವುದಿಲ್ಲ. ಕಾವಲಿಗೆಂದೇ ಸಾಕಿದ್ದರೂ ರಾತ್ರಿ ಬಾಗಿಲಿರುವ, ಮೇಲೆ ಮುಚ್ಚಿಗೆಯಿರುವ ಗೂಡಿನಲ್ಲೋ ಮನೆಯೊಳಗೋ ಇರಲಿ. ಬೊಗಳುವ ಕೆಲಸ ಅಲ್ಲಿಂದಲೂ ಆಗುತ್ತದೆ.

ಹಗಲಿನ ಅಲೆದಾಟವೂ ಬೇಡ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿ ಸುಮಾರು 800 ಎಕರೆಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶವಿದೆ, 2007ರಲ್ಲಿ ಘೋಷಿಸಿದ್ದು. ಸುತ್ತ ಹೊಲಗಳೇ ಇರುವ ಇಂಥ ಬಯಲಿನ ಜಿಂಕೆಮರಿಗಳಿಗೆ ಬಿಡಾಡಿ ನಾಯಿಗಳು ದೊಡ್ಡ ಶತ್ರು. ಹೊಲಕ್ಕೆ ಜೊತೆಯಲ್ಲಿ ಬಂದ ನಿಮ್ಮ ನಾಯಿಯೂ ಗುಂಪು ಸೇರಿದರೆ ಅದೇ ಕೆಲಸ ಮಾಡುತ್ತದೆ.

ಆರು ತಿಂಗಳ ಸುಮಾರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ಡಾಕ್ಟ್ರನ್ನು ಕೇಳಿ. ಹೆಣ್ಣುನಾಯಿ ಆರರಿಂದ ಒಂಬತ್ತನೇ ತಿಂಗಳಲ್ಲಿ ಮೊದಲ ಸಲ ಬೆದೆಗೆ ಬರುವುದು ಹೆಚ್ಚು. ಗಬ್ಬವಾದರೆ ಸುಮಾರು 63 ದಿನಕ್ಕೆ ಮರಿ ಹಾಕುತ್ತದೆ, ಆ ಮರಿಗಳಿಗೆ ನೀವು ಮನೆ ಹುಡುಕಬೇಕು. 2023ರ ಪ್ರಾಣಿ ಸಂತಾನ ನಿಯಂತ್ರಣ (ಎಬಿಸಿ) ನಿಯಮಗಳ ಪ್ರಕಾರ ಬೀದಿನಾಯಿಗಳ ಆಪರೇಷನ್ ಸ್ಥಳೀಯ ಸಂಸ್ಥೆಯ ಹೊಣೆ, ಸಾಕಿದ ನಾಯಿಯದು ಸಾಕಿದವರದೇ. ತಾಲ್ಲೂಕು ಆಸ್ಪತ್ರೆಯಲ್ಲಿ ಆಗದಿದ್ದರೆ ತುಮಕೂರಿಗೆ ಹೋಗಬೇಕಾದೀತು. ಆಪರೇಷನ್ನಿಗೆ ಮುಂಚೆ ಊಟ ಯಾವಾಗ ನಿಲ್ಲಿಸಬೇಕೆಂದು ಮೊದಲೇ ಕೇಳಿಕೊಳ್ಳಿ. ಆಪರೇಷನ್ ಆದ ಮೇಲೆ ಹತ್ತು ದಿನ ಸ್ನಾನವಿಲ್ಲ, ಜಿಗಿತವಿಲ್ಲ. ಹೊಲಿಗೆ ನೆಕ್ಕದಂತೆ ಕೊರಳಿಗೆ ಅಗಲದ ಕಾಲರ್ ಹಾಕಿ, ಅದು ಸಿಗದಿದ್ದರೆ ಮಕ್ಕಳ ಹಳೆಯ ಬನಿಯನ್ ತೊಡಿಸಿ ಹೊಟ್ಟೆಯ ಕೆಳಗೆ ಗಂಟು ಹಾಕಿ.